ಹಲ್ಲಿನ ಗುರುತು

ಕಿಟಕಿಯ ಬೆಳಕಿಗೆ ಎಕ್ಸ್‌ರೇ ಹಾಳೆಯನ್ನು ಎತ್ತಿ ಹಿಡಿದ ಕ್ಷಣದಲ್ಲೇ ಅವಳಿಗೆ ಗೊತ್ತಾಗಿಹೋಗಿತ್ತು. ಆದರೂ ಕೈ ಇಳಿಸಲಿಲ್ಲ. ಇಳಿಸಿದರೆ ತನ್ನ ಮುಖ ಅಣ್ಣನಿಗೆ ಕಾಣುತ್ತದೆ. ಹಾಳೆಯ ಆಚೆ, ಮರದ ಸ್ಟೂಲಿನ ಮೇಲೆ, ಬಲಗಾಲನ್ನು ನೀಳವಾಗಿ ಮುಂದೆ ಚಾಚಿಕೊಂಡು ಅವನು ಕೂತಿದ್ದ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಕಪಾಟುಗಳ ತುಂಬ ಚಪ್ಪಟೆ ಟ್ರೇಗಳು, ಟ್ರೇಗಳಲ್ಲಿ ಹತ್ತಿಯ ಮೇಲೆ ಮಲಗಿಸಿದ ಮೂಳೆಗಳು: ಕಾಡೆಮ್ಮೆಯ ತೊಡೆ, ಜಿಂಕೆಯ ಮುಂಗಾಲು, ಯಾವುದೋ ಕರುವಿನ ಕೆಳದವಡೆ. ಎಲ್ಲವೂ ಬತ್ತಿದ ಹಳ್ಳದ ದಂಡೆಯ ಒಂದೇ ಬಂಡೆಯ ಅಡಿಯಲ್ಲಿ ಅಗೆದು ತೆಗೆದವು. ಲೋಹವಿಲ್ಲದ, ಬಿತ್ತನೆಯಿಲ್ಲದ, ಕೈಗೆ ಕಲ್ಲೊಂದೇ ಇದ್ದ ಕಾಲದ ಮನುಷ್ಯರು ತಿಂದು ಬಿಟ್ಟುಹೋದವು. ಆ ಮೂಳೆಗಳ ಮೇಲೆ ಏನೇನು ನಡೆಯಿತೆಂದು ಓದಿ ಹೇಳುವುದು ಅವಳ ಕೆಲಸ. ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಮೂಳೆಯಮ್ಮ ಎಂದೂ ಕರೆಯುತ್ತಿದ್ದರು. ಎರಡನೆಯದೂ ಅವಳ ಕಿವಿಗೆ ಬಿದ್ದಿತ್ತು. ಅದರಲ್ಲಿ ಬೇಸರ ಮಾಡಿಕೊಳ್ಳುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ.

“ಏನೇ ಗುಬ್ಬಿ, ಅಷ್ಟು ಹೊತ್ತು ನೋಡ್ತೀಯ? ಒಳಗೆ ಸಿನಿಮಾ ಓಡ್ತಿದೆಯಾ?” ಎಂದ ಅಣ್ಣ.

“ಇರು. ಬೆಳಕು ಸರಿಯಾಗಿಲ್ಲ.”

ಬೆಳಕು ಸರಿಯಾಗಿಯೇ ಇತ್ತು. ಮಂಡಿಗಿಂತ ಸ್ವಲ್ಪ ಮೇಲೆ, ತೊಡೆಯ ಮೂಳೆ ಅಗಲವಾಗತೊಡಗುವ ಕಡೆ, ಬೆಳ್ಳಗೆ ಗಟ್ಟಿಯಾಗಿ ಇರಬೇಕಾದದ್ದು ನುಸಿ ತಿಂದ ಕಂಬಳಿಯ ಹಾಗೆ ತೂತುತೂತಾಗಿತ್ತು. ಒಂದು ಬದಿಯಲ್ಲಿ ಹೊರ ಅಂಚು ಇರಲೇ ಇಲ್ಲ. ಅಂಚು ಇರಬೇಕಾದ ಜಾಗದಿಂದ ಮಂಜಿನಂಥ ಬಿಳುಪೊಂದು ಮಾಂಸದೊಳಕ್ಕೆ ಹರಡಿಕೊಂಡಿತ್ತು. ಇಂಥದ್ದನ್ನು ಅವಳು ಪುಸ್ತಕಗಳಲ್ಲಿ ನೋಡಿದ್ದಳು. ಒಂದೇ ಒಂದು ಸಲ ಕೈಯಲ್ಲಿ ಹಿಡಿದೂ ಇದ್ದಳು. ಮುದಿ ಜಿಂಕೆಯೊಂದರ ಮೂಳೆ ಅದು. ಅದು ಸಿಕ್ಕ ದಿನ ಎಂಥ ಅಪರೂಪ ನೋಡಿ ಎಂದು ಕಾರಿಡಾರಿನ ತುದಿಯವರೆಗೂ ಓಡಿ ಎಲ್ಲರನ್ನೂ ಕರೆದು ತೋರಿಸಿದ್ದಳು. ಆ ಸಂಭ್ರಮ ಈಗ ನೆನಪಾಯಿತು.

“ನಮ್ಮ ಡಾಕ್ಟ್ರು ಇದನ್ನ ನೋಡಿ ಏನೂ ಹೇಳ್ಲೇ ಇಲ್ಲ ಕಣೇ. ಕನ್ನಡಕ ತೆಗೆದ್ರು, ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ದೊಡ್ಡಾಸ್ಪತ್ರೆಗೆ ತೋರಿಸಿಬಿಡಿ ಅಂದ್ರು. ಇವತ್ತು ಮಧ್ಯಾಹ್ನಕ್ಕೆ ಬನ್ನಿ ಅಂದಿದಾರೆ ಅಲ್ಲಿ. ನಾನಂದ್ಕೊಂಡೆ, ಒಡಹುಟ್ಟಿದೋಳೇ ಮೂಳೆ ಓದೋಳು ಇರ್ಬೇಕಾದ್ರೆ ಮೊದಲು ಅವರ ಬಾಗಿಲು ಯಾಕೆ ತಟ್ಟಬೇಕು ಅಂತ.”

“ನಾನು ಓದೋದು ಸತ್ತ ಪ್ರಾಣಿಗಳದ್ದು ಅಣ್ಣ.”

“ಮೂಳೆಗೆ ಏನು ಸತ್ತಿದ್ದು ಬದುಕಿದ್ದು? ನಾನು ಗಂಡಸರ ಬಟ್ಟೆ ಹೊಲಿಯೋನು. ಹಾಗಂತ ಸೆರಗಿನ ಹೊಲಿಗೆ ಬಿಟ್ಟಿದ್ರೆ ನನಗೆ ಗೊತ್ತಾಗಲ್ವಾ?” ಅವನು ನಕ್ಕ. ನಗುವಾಗಲೂ ಅವನ ಎರಡು ಅಂಗೈ ಬಲತೊಡೆಯ ಮೇಲೇ ಇದ್ದವು, ಮಲಗಿದ ಮಗುವನ್ನು ಎಚ್ಚರವಾಗದ ಹಾಗೆ ಒತ್ತಿಟ್ಟುಕೊಂಡಂತೆ. “ಪೆಡಲ್ ತುಳಿದೂ ತುಳಿದೂ ಸವೆದಿರ್ಬೇಕು. ಕಬ್ಬಿಣದ ಮಿಷಿನ್ನೇ ಎರಡು ಸಲ ಸವೆದು ಹೋಯ್ತು, ಇನ್ನು ಇದ್ಯಾವ ಲೆಕ್ಕ. ಸವೆದಿರೋದು ತಾನೆ?”

ಅವಳು ಹಾಳೆಯನ್ನು ಇಳಿಸಿದಳು. ಅಣ್ಣ ಅವಳನ್ನು ನೋಡುತ್ತಿದ್ದ. ಆ ನೋಟ ಅವಳಿಗೆ ಹೊಸದು. ಇಷ್ಟು ವರ್ಷ ಅವನು ಅವಳನ್ನು ನೋಡುತ್ತಿದ್ದದ್ದು ಅಳತೆ ತೆಗೆಯುವವನ ಕಣ್ಣಿಂದ: ಇವಳು ಬೆಳೆದಳೇ, ಸೊರಗಿದಳೇ, ಭುಜ ಇಳಿದಿದೆಯೇ ಎಂದು. ಈಗ ಮೊದಲ ಸಲ ಗಿರಾಕಿಯ ಹಾಗೆ, ಕೊಟ್ಟ ದಿನಕ್ಕೆ ಬಟ್ಟೆ ಆಗಿದೆಯೋ ಇಲ್ಲವೋ ಎಂದು ಹೆದರಿ ಕೇಳಲು ಬಂದವನ ಹಾಗೆ ನೋಡುತ್ತಿದ್ದ.

“ಸವೆದ ಹಾಗಿದೆ,” ಎಂದಳು.

ಆ ಮಾತು ತನ್ನದೇ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅದು ತಾನು ಆಡಿದ್ದೆಂದು ಅವಳಿಗೇ ಅನ್ನಿಸಲಿಲ್ಲ. ಪದವನ್ನು ಕೊಟ್ಟವನು ಅಣ್ಣ. ಅವಳು ಅದನ್ನು ವಾಪಸು ಕೊಟ್ಟಳು, ಅಷ್ಟೆ. ‘ಹಾಗಿದೆ’ ಎಂಬ ಬಾಲವನ್ನು ಮಾತ್ರ ತನ್ನ ಕಡೆಯಿಂದ ಸೇರಿಸಿದ್ದಳು. ವಿದ್ವಾಂಸರ ಸಭೆಗಳಲ್ಲಿ ಪ್ರಬಂಧ ಓದುವಾಗ ಪ್ರತಿ ವಾಕ್ಯದ ಕೊನೆಗೂ ಹಚ್ಚುವ ಬಾಲ ಅದು: ಇರಬಹುದು, ತೋರುತ್ತದೆ, ಹಾಗಿದೆ. ನಾಳೆ ಯಾರಾದರೂ ಹಿಡಿದು ಕೇಳಿದರೆ ನುಣುಚಿಕೊಳ್ಳಲು. ಅಣ್ಣನಿಗೆ ಆ ಬಾಲ ಕೇಳಿಸಲೇ ಇಲ್ಲ.

“ಹಂಗಾದ್ರೆ ಏನಿಲ್ಲ!”

“ವಯಸ್ಸಾದ್ರೆ ಆಗತ್ತಲ್ಲ. ಆದ್ರೂ ಆಸ್ಪತ್ರೆಗೆ ತೋರಿಸಿಬಿಡು. ಅವರು ನೋಡ್ಲಿ.”

“ತೋರಿಸಿದ್ರಾಯ್ತು, ತೋರಿಸಿದ್ರಾಯ್ತು.” ಅವನು ತಲೆಯನ್ನು ಹಿಂದಕ್ಕೆ ಚೆಲ್ಲಿ ಉಸಿರು ಬಿಟ್ಟ. ಕಣ್ಣಂಚು ಒದ್ದೆಯಾಗಿತ್ತು. ಅದನ್ನು ಅಡಗಿಸಲು ಕಪಾಟಿನ ಕಡೆ ತಿರುಗಿ, “ಅಬ್ಬಬ್ಬಾ, ಎಷ್ಟೊಂದು ಮೂಳೆನೇ ಮಾರಾಯ್ತಿ. ಇದನ್ನೆಲ್ಲ ಯಾವಾಗ ಓದಿ ಮುಗಿಸ್ತೀಯ?” ಎಂದ.

ತಾನೂ ಆಸ್ಪತ್ರೆಗೆ ಬರುತ್ತೇನೆ ಎಂದು ಹೇಳಲು ಬಾಯಿ ತೆರೆದಳು. ಆದರೆ ನಿರ್ದೇಶಕರು ಕೆಳಗೆ ಹೊಸ ಸಭಾಂಗಣದಲ್ಲಿ ಕಾಯುತ್ತಿದ್ದರು. ಎರಡು ಸಲ ಹೇಳಿ ಕಳಿಸಿಯಾಗಿತ್ತು. ಅವಳು ಹಿಂದೆಮುಂದೆ ನೋಡುತ್ತಿರುವಷ್ಟರಲ್ಲಿ ಅಣ್ಣನೇ, “ನೀನು ನಿನ್ನ ಕೆಲಸ ನೋಡು, ನಾನೇನು ಮಗುವಾ?” ಎಂದು ಎದ್ದ. ಏಳುವಾಗ ಮೇಜನ್ನು ಹಿಡಿದುಕೊಂಡ. ಮೇಜಿನ ಮೇಲಿದ್ದ ಟ್ರೇಯಲ್ಲಿ ಮೂಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಮೆಟ್ಟಿಲ ತನಕ ಹೋಗಿ ಅವನು ಇಳಿಯುವುದನ್ನು ನೋಡಿದಳು. ಒಂದು ಮೆಟ್ಟಿಲಿಗೆ ಎರಡೂ ಕಾಲು ಊರುತ್ತಿದ್ದ. ತಿರುವಿನಲ್ಲಿ ನಿಂತು ಮೇಲೆ ನೋಡಿ ಕೈ ಬೀಸಿದ.

ಕೈ ತೊಳೆದು, ಮೇಜಿನ ಮೇಲಿದ್ದ ಟ್ರೇ ಎತ್ತಿಕೊಂಡು ಅವಳು ಕೆಳಗಿಳಿಯಲು ಹೊರಟಾಗ, ಯಾಕೆಂದು ಗೊತ್ತಿಲ್ಲ, ನೆನಪಾದದ್ದು ಒಂದು ಫ್ರಾಕಿನ ತೋಳು. ನೀಲಿಯ ಮೇಲೆ ಸಣ್ಣ ಹಳದಿ ಹೂವಿನ ತೋಳು. ಅಪ್ಪ ಹೋದ ಮೇಲೆ ಅಂಗಡಿಗೆ ಕೂತ ಅಣ್ಣ, ಗಿರಾಕಿಗಳ ಬಟ್ಟೆ ಕತ್ತರಿಸಿ ಉಳಿದ ಚೂರುಗಳನ್ನು ಜೋಡಿಸಿ ಅವಳಿಗೆ ಲಂಗ, ರವಿಕೆ, ಫ್ರಾಕು ಹೊಲಿಯುತ್ತಿದ್ದ. ಕೂಡಿಸಿದ್ದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ. ಒಂದು ದಿನ ತರಗತಿಯಲ್ಲಿ ಪಕ್ಕದವಳು ಅವಳ ತೋಳನ್ನು ಎರಡು ಬೆರಳಲ್ಲಿ ಹಿಡಿದೆಳೆದು, “ಇದು ನಮ್ಮಣ್ಣನ ಷರ್ಟಿನ ಬಟ್ಟೆ,” ಎಂದಿದ್ದಳು. ಕೋಪದಿಂದಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಎಲ್ಲರೂ ತಿರುಗಿ ನೋಡಿದ್ದರು. ಅವಳು ಮನೆಗೆ ಬಂದು ಅಣ್ಣನಿಗೆ ಹೇಳಲಿಲ್ಲ. ಬಟ್ಟೆ ಬಿಗಿಯಾಗುತ್ತಿದೆ ಎಂದಳು. ಅಣ್ಣ ಒಳಗೆ ಮಡಿಸಿಟ್ಟಿದ್ದ ಅಂಚು ಬಿಚ್ಚಿ ಅದನ್ನು ಅಗಲ ಮಾಡಿಕೊಟ್ಟ. ಮತ್ತೊಂದು ವರ್ಷ ಅದನ್ನೇ ಹಾಕಿಕೊಳ್ಳಬೇಕಾಯಿತು. ಕಂಡದ್ದನ್ನು ಕಂಡ ಹಾಗೆ ಹೇಳಿದ ಆ ಹುಡುಗಿಯ ಮೇಲೆ ಅವಳಿಗೆ ಆಗ ಬಂದ ದ್ವೇಷ ಎಷ್ಟೋ ವರ್ಷ ಹೋಗಿರಲಿಲ್ಲ. ವಿಚಿತ್ರವೆಂದರೆ ಅನ್ನ ಕೊಟ್ಟದ್ದು ಕೊನೆಗೆ ಅದೇ ವಿದ್ಯೆ: ಚೂರನ್ನು ಬೆರಳಲ್ಲಿ ಹಿಡಿದು, ಇದು ಎಲ್ಲಿಂದ ಬಂತೆಂದು ಹೇಳುವುದು.

ಹೊಸ ಸಭಾಂಗಣದಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಉದ್ಘಾಟನೆಗೆ ಕೆಲವೇ ದಿನ ಉಳಿದಿತ್ತು. ಎದುರು ಗೋಡೆಯ ತುಂಬ, ನೆಲದಿಂದ ಸೂರಿನವರೆಗೆ, ಚಿತ್ರ: ಈಟಿ ಎತ್ತಿದ ಗಂಡಸರು, ಗಾಯಗೊಂಡು ಕೊಂಬು ಬಗ್ಗಿಸಿದ ಕಾಡೆಮ್ಮೆ, ಹಿಂದೆ ಕೆಂಪು ಆಕಾಶ. ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮೊದಲ ಬೇಟೆಗಾರರು’. ಕೆಳಗೆ ಉದ್ದನೆಯ ಗಾಜಿನ ಪೆಟ್ಟಿಗೆ, ಒಳಗೆ ಕಡುಗೆಂಪು ಮಖಮಲ್ಲು. ಅವಳ ಮೂಳೆಗಳನ್ನು ಅದರೊಳಗೆ ಜೋಡಿಸಬೇಕಿತ್ತು. ಚಿತ್ರ ಬರೆದವನು ಏಣಿಯ ಕೆಳಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮೊಣಕೈವರೆಗೂ ಅದೇ ಕೆಂಪು. ನಿರ್ದೇಶಕರು ಕೈ ಹಿಂದೆ ಕಟ್ಟಿಕೊಂಡು ಗೋಡೆಯನ್ನು ನೋಡುತ್ತಿದ್ದರು, ಮಗಳ ಮದುವೆಯ ಚಪ್ಪರ ನೋಡುವವರ ಹಾಗೆ.

ಅವಳು ಎರಡು ವಾರದ ಹಿಂದೆಯೇ ಅವರಿಗೆ ವಿಷಯ ಬರೆದು ಕೊಟ್ಟಿದ್ದಳು. ಅವರು ಓದಿರಲಿಲ್ಲ, ಅಥವಾ ಓದಿ, ಓದಿಲ್ಲವೆಂದಿದ್ದರು. ಈಗ ದೊಡ್ಡದು ಮಾಡಿಸಿದ ಫೋಟೋಗಳನ್ನು ಗಾಜಿನ ಮೇಲೆ ಹರಡಿ ಬಾಯಲ್ಲೇ ಹೇಳತೊಡಗಿದಳು. ಕಲ್ಲಿನ ಅಲಗು ಎಳೆದ ಗೀರು ನೇರವಾಗಿ ಚೂಪಾಗಿ ಇಳಿದಿರುತ್ತದೆ. ಮೃಗದ ಹಲ್ಲು ಊರಿದ ಗುರುತು ಬಟ್ಟಲ ಹಾಗೆ ಗುಂಡಗೆ ಇರುತ್ತದೆ. ಈ ಮೂಳೆಗಳಲ್ಲಿ ಎರಡೂ ಇವೆ. ಆದರೆ ಎರಡೂ ಒಂದೇ ಜಾಗದಲ್ಲಿ ಬಿದ್ದಿರುವ ಕಡೆ ನೋಡಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ: ಗೀರು ಹಲ್ಲಿನ ಗುಂಡಿಯೊಳಗೂ ಇಳಿದು ಆಚೆ ಹತ್ತಿದೆ. ಅಂದರೆ ಹಲ್ಲು ಮೊದಲು, ಕಲ್ಲು ಆಮೇಲೆ. ಮಾಂಸ ಹೆಚ್ಚಿರುವ ತೊಡೆಯ ತುಂಬ ಹಲ್ಲು. ಕಲ್ಲಿನ ಗೀರು ಹೆಚ್ಚಾಗಿ ಮಾಂಸವೇ ಇಲ್ಲದ ಕಾಲಿನ ತುದಿಯಲ್ಲಿ. ಆಮೇಲೆ ಮೂಳೆಯನ್ನು ಒಡೆದು ಒಳಗಿನ ಮಜ್ಜೆ ತೆಗೆದಿದ್ದಾರೆ. “ಕೊಂದವರು ಇವರಲ್ಲ ಸರ್. ಚಿರತೆಯೋ ಕಿರುಬವೋ ತಿಂದು ಬಿಟ್ಟದ್ದರ ಮೇಲೆ ಇವರು ಬಂದಿದ್ದಾರೆ. ಬೇರೆ ಕಡೆ ಬೇಟೆ ಆಡಿರಬಹುದು. ಇಲ್ಲಿ ಆಡಿಲ್ಲ.”

“ಹಾಗಾದ್ರೆ ಇಲ್ಲೇನು ಮಾಡ್ತಿದ್ರು ಮೇಡಂ?” ಎಂದು ಕೇಳಿದವನು ಚಿತ್ರಕಾರ. ನಿಜವಾಗಿಯೂ ತಿಳಿಯಬೇಕೆಂಬ ದನಿ.

“ಕಾಯ್ತಿದ್ರು. ದೂರದಲ್ಲಿ ಕೂತು, ಮೃಗ ತಿಂದು ಮುಗಿಸೋ ತನಕ.”

“ಕಾಯೋದನ್ನ ಹೇಗೆ ಬರೆಯೋದು?” ಎಂದು ಅವನು ಗೋಡೆ ನೋಡಿದ.

“ಕಾಯೋರನ್ನ ನೋಡೋಕೆ ಯಾರು ಬರ್ತಾರಪ್ಪ?” ಎಂದರು ನಿರ್ದೇಶಕರು. ಕೆಟ್ಟವರಲ್ಲ ಅವರು. ಫೋಟೋಗಳನ್ನು ಒಂದೊಂದಾಗಿ ಎತ್ತಿ, ಅಂಚು ಸರಿಮಾಡಿ, ಅವಳ ಕೈಗೇ ಮೆತ್ತಗೆ ವಾಪಸಿಟ್ಟರು. “ನೋಡಿಮ್ಮ, ನೀವು ಹೇಳೋದು ಸರಿಯೇ ಇರಬಹುದು. ನಾನು ಇಲ್ಲ ಅನ್ನಲ್ಲ. ಆದ್ರೆ ಗೋಡೆ ಒಣಗಿದೆ. ಪತ್ರಿಕೆಯಲ್ಲಿ ಬರೀರಿ, ಪುಸ್ತಕ ಮಾಡಿ, ಯಾರು ಬೇಡ ಅಂದ್ರು? ಮಕ್ಕಳು ಬರ್ತಾರೆ ಇಲ್ಲಿಗೆ. ನಮ್ಮ ಹಿರೀಕರು ಕಿರುಬದ ಎಂಜಲು ತಿಂದ್ರು ಅಂತ ಮಕ್ಕಳಿಗೆ ಹೇಳೋದಾ?” ಸ್ವಲ್ಪ ತಡೆದು, ದನಿ ತಗ್ಗಿಸಿ, “ಆ ಹಲ್ಲಿನ ಗುರುತು ಇರೋ ಮಗ್ಗುಲನ್ನ ಕೆಳಗೆ ಮಾಡಿ ಇಟ್ಟುಬಿಡಿ. ಅಷ್ಟೆ. ಸುಳ್ಳೇನೂ ಹೇಳಿದ ಹಾಗಾಗಲ್ಲ,” ಎಂದರು.

ಎಂಜಲು ಎಂಬ ಮಾತಿಗೆ ಚಿತ್ರಕಾರ ನಕ್ಕ. ಅವಳಿಗೂ ನಗು ಬಂದಂತಾಗಿ, ಆ ನಗುವೇ ಒಪ್ಪಿಗೆಯೆಂದು ಭಾವಿಸಿ ನಿರ್ದೇಶಕರು ಹೊರಟುಹೋದರು. ಅವಳು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತಳು. ಮೊದಲು ಕಾಡೆಮ್ಮೆಯ ತೊಡೆ. ಅದನ್ನು ಮಖಮಲ್ಲಿನ ಮೇಲಿಟ್ಟಳು. ಹಲ್ಲಿನ ಗುಂಡಿಗಳು ಮೇಲೆ ಬಂದವು. ತಿರುಗಿಸಿದಳು. ಅಂದವಾಗಿ, ಗೀರೊಂದೇ ಕಾಣುವ ಹಾಗೆ ಮಲಗಿತು. ಎಷ್ಟು ಸುಲಭ. ಬೇಡವೆನ್ನಬಹುದಿತ್ತು, ಎದ್ದು ಹೋಗಬಹುದಿತ್ತು, ಕೆಲಸ ಬಿಡಬಹುದಿತ್ತು ಎಂದುಕೊಂಡಳು. ಅಂದುಕೊಳ್ಳುತ್ತಲೇ ಕೈ ಜಿಂಕೆಯ ಕಾಲನ್ನು ತಿರುಗಿಸಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳಿಗೆ ಆ ಜನರ ನೆನಪಾಯಿತು. ನೆನಪು ಎನ್ನುವಷ್ಟು ಹತ್ತಿರವಾಗಿ ಕಂಡರು. ಬಂಡೆಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಿ ಬಿಡುತ್ತಿಲ್ಲ. ಒಬ್ಬಳ ಮಡಿಲಲ್ಲಿ ಮಗು. ಅತ್ತರೆ ಕಿರುಬಕ್ಕೆ ಕೇಳುತ್ತದೆಂದು ಅದರ ಬಾಯಿಗೆ ತನ್ನ ಬೆರಳಿಟ್ಟಿದ್ದಾಳೆ. ಎದುರು ಹಳ್ಳದಲ್ಲಿ ಮೂಳೆ ಮುರಿಯುವ ಸದ್ದು. ಒಳ್ಳೆಯ ಮಾಂಸ ಮುಗಿಯುತ್ತಿದೆ. ಅದು ಅವರಿಗೂ ಗೊತ್ತು. ಮಾಡುವುದಕ್ಕೆ ಏನೂ ಇಲ್ಲ. ಅವರ ಬಗ್ಗೆ ಅವಳಿಗೆ ಎಂದೂ ನಾಚಿಕೆ ಅನ್ನಿಸಿರಲಿಲ್ಲ. ಈಟಿ ಹಿಡಿದ ಈ ಗಂಡಸರನ್ನು ನೋಡಿದರೆ ನಾಚಿಕೆಯಾಗುತ್ತಿತ್ತು: ಯಾರದೋ ಷರ್ಟು ಹಾಕಿಕೊಂಡು ನಿಂತ ಹಾಗಿದ್ದರು.

ಚೀಲದಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ.

“ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಕಣೇ,” ಎಂದರು ಅತ್ತಿಗೆ, ಹಲೋ ಎನ್ನುವ ಮೊದಲೇ. “ಈಗ ಫೋನ್ ಮಾಡಿದ್ರು. ಗುಬ್ಬಿ ನೋಡಿದ್ಲು, ಏನೂ ಇಲ್ಲ, ಬರೀ ಸವೆತ ಅಂತ. ನಾನು ಅಲ್ಲೇ ಬಾಗಿಲಲ್ಲೇ ಕೂತುಬಿಟ್ಟೆ. ಎಷ್ಟು ದಿನದಿಂದ ಈ ಮನೇಲಿ ಇಬ್ಬರೂ ಮಲಗಿದ ಹಾಗೆ ಮಾಡ್ತಿದ್ವಿ ಗೊತ್ತಾ? ಅವರಿಗೆ ನಾನು ಎದ್ದಿರೋದು ಗೊತ್ತು, ನಂಗೆ ಅವರು ಎದ್ದಿರೋದು ಗೊತ್ತು.”

“ಅತ್ತಿಗೆ, ಆಸ್ಪತ್ರೆಗೆ ಹೋದ್ನಾ ಅಣ್ಣ?”

“ಇನ್ನೇನಕ್ಕೆ? ಸವೆತಕ್ಕೆ ಎಣ್ಣೆ ತಿಕ್ಕಿದ್ರೆ ಸಾಕಂತೆ, ಅಲ್ಲಿ ಹೋದ್ರೆ ಸುಮ್ನೆ ಕೊಯ್ತಾರೆ ಅಂತ ಊರಿಗೆ ಬರೋಕೆ ಬಸ್ ಸ್ಟ್ಯಾಂಡಿಗೆ ಹೊರಟ್ರು. ನೀನು ಹೇಳಿದ ಮೇಲೆ ಇನ್ಯಾರು ಹೇಳಬೇಕು? ಪಕ್ಕದ ಮನೆಯವರಿಗೂ ಹೇಳಿದೆ, ನೋಡಿ, ನಮ್ಮ ನಾದಿನಿ ಮೂಳೆಯಲ್ಲೇ ಡಾಕ್ಟರು ಅಂತ.”

ಅಣ್ಣನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಒಂದು ಮಾತು ಆಡಿದ ತಕ್ಷಣ ಆರಿಸಿಬಿಡುವುದು ಅವನ ಅಭ್ಯಾಸ, ಅಂಗಡಿ ದೀಪದ ಹಾಗೆ. ಅವಳು ಎದ್ದಳು. ಕರುವಿನ ದವಡೆ ಇನ್ನೂ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಚಿತ್ರಕಾರನ ಕೈಗೆ ಕೊಟ್ಟು ಹೊರಗೆ ಓಡಿದಳು.

ಆಟೋ ಸಿಕ್ಕಿತು, ಆದರೆ ರಸ್ತೆ ಸಿಗಲಿಲ್ಲ. ಎಲ್ಲೋ ಮುಂದೆ ಪೈಪಿಗೆಂದು ಅಗೆದಿದ್ದರು. ಲಾರಿಯ ಹಿಂದೆ ನಿಂತಿತು ಆಟೋ, ಬಿಸಿಲಲ್ಲಿ ನಡುಗುತ್ತ. ಅವಳು ವಾಕ್ಯ ಕಟ್ಟತೊಡಗಿದಳು. ಅಣ್ಣ, ಇನ್ನೊಂದ್ಸಲ ನೋಡಿದ್ರೆ ಒಳ್ಳೇದು ಅನ್ಸತ್ತೆ. ಅಲ್ಲ. ಅಣ್ಣ, ನಂಗೆ ಸ್ವಲ್ಪ ಅನುಮಾನ ಇದೆ. ಸುಳ್ಳು, ಅನುಮಾನವೇ ಇಲ್ಲ. ಪ್ರತಿ ವಾಕ್ಯಕ್ಕೂ ಬಾಲ ಬೆಳೆಯುತ್ತಿತ್ತು. ಬೆಳಗಿನಿಂದ ತನ್ನ ಬಾಯಿಂದ ಬಂದದ್ದರಲ್ಲಿ ಇಡೀ ಊರು ನಂಬಿದ್ದು ಒಂದೇ ಒಂದನ್ನು. ದೀಪ ಓರೆ ಮಾಡಿ, ಕಣ್ಣು ನೋಯಿಸಿಕೊಂಡು, ವರ್ಷಗಟ್ಟಲೆ ಕೂತು ಕಂಡುಹಿಡಿದದ್ದಕ್ಕೆ ಗೋಡೆ ಒಣಗಿದೆ ಎಂಬ ಉತ್ತರ. ಬಾಯಿ ತಪ್ಪಿ ಬಂದ ಒಂದು ‘ಸವೆದ ಹಾಗಿದೆ’ ನೆರೆಮನೆಯ ತನಕ ಹೋಗಿ ಕೂತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, “ಬಸ್ ತಪ್ಪುತ್ತಾ ಅಮ್ಮಾ?” ಎಂದ. “ತಪ್ಪಿದ್ರೆ ಇನ್ನೊಂದು ಬರತ್ತೆ ಬಿಡಿ,” ಎಂದು ತಾನೇ ಸಮಾಧಾನವನ್ನೂ ಹೇಳಿದ.

ಬಸ್ಸು ತಪ್ಪಿರಲಿಲ್ಲ. ನಿಲ್ದಾಣದಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ಕಿಟಕಿಯ ಪಕ್ಕ ಅಣ್ಣ, ತೊಡೆಯ ಮೇಲೆ ಎಕ್ಸ್‌ರೇಯ ಉದ್ದನೆಯ ಲಕೋಟೆ. ಅವಳು ಬಾಗಿಲು ಬಡಿದು ಹತ್ತಿದಳು.

“ಅರೆ! ನೀನೂ ಬರ್ತೀಯಾ?” ಅವನ ಮುಖ ಇಷ್ಟಗಲವಾಯಿತು. ಪಕ್ಕದವರನ್ನು ಸರಿಯಲು ಹೇಳಿ ಅವಳಿಗೆ ಜಾಗ ಮಾಡಿದ. “ಎಷ್ಟು ಕಾಲ ಆಯ್ತೇ ನೀನು ಮನೆಗೆ ಬಂದು! ಕಂಡಕ್ಟರ್, ಇನ್ನೊಂದು ಟಿಕೆಟ್ ಕೊಡಪ್ಪ, ನನ್ನ ತಂಗಿ.”

“ಅಣ್ಣಾ, ಇಳಿಯೋಣ.”

“ಏನು?”

ಬಸ್ಸು ನಿಲ್ದಾಣದ ಗೇಟು ದಾಟಿ ಗೇರು ಬದಲಾಯಿಸಿತು. ಇಡೀ ತಗಡು ಗಡಗಡ ನಡುಗುತ್ತಿತ್ತು. ಅಣ್ಣ ಕಿವಿಯನ್ನು ಅವಳ ಕಡೆ ಬಾಗಿಸಿದ, ಹಳೆಯ ಮಿಷಿನ್ನಿನ ಸದ್ದಲ್ಲಿ ಕೂತು ಕೂತು ಮಂದವಾದ ಕಿವಿ. ಮೆತ್ತಗೆ ಹೇಳಬೇಕೆಂದು, ಕೈ ಹಿಡಿದು ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದನ್ನೆಲ್ಲ ಕೂಗಿ ಹೇಳಬೇಕಾಯಿತು.

“ನಾನು ಸುಳ್ಳು ಹೇಳ್ದೆ!”

“ಯಾರಿಗೆ?”

“ನಿಂಗೆ! ಕಾಲಿನ ವಿಷಯ! ಸವೆದಿಲ್ಲ ಅದು!”

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಹಿಂದಿನ ಸೀಟಲ್ಲಿ ಯಾರೋ ಮಾತು ನಿಲ್ಲಿಸಿದರು. ಅಣ್ಣ ಇನ್ನೂ ನಗುತ್ತಲೇ ಇದ್ದ. ನಗು ಮುಖದ ಮೇಲೆ ಹಾಗೆಯೇ ಉಳಿದುಬಿಟ್ಟಿತ್ತು.

“ಮತ್ತೆ?”

“ಒಳಗಿಂದ ತಿಂದುಹೋಗಿದೆ ಅಣ್ಣ. ಒಳ್ಳೇ ಕಾಯಿಲೆ ಅಲ್ಲ. ಇವತ್ತೇ ತೋರಿಸಬೇಕು. ನೋಡಿದ ತಕ್ಷಣ ನಂಗೆ ಗೊತ್ತಾಯ್ತು.”

ಅವನು ಕಿಟಕಿಯ ಕಡೆ ತಿರುಗಿದ. ಹಾರ್ಡ್‌ವೇರ್ ಅಂಗಡಿಗಳು, ಪಾರ್ಸೆಲ್ ಆಫೀಸುಗಳು, ಬಣ್ಣ ಹೋದ ಕಾಂಪೌಂಡುಗಳು ಹಿಂದಕ್ಕೆ ಸರಿಯುತ್ತಿದ್ದವು. ಮತ್ತೆ ಅವಳ ಕಡೆ ತಿರುಗಿದಾಗ ಅವನ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಒಂದು ಸಿಟ್ಟಿತ್ತು, ಹರಿತವಿಲ್ಲದ, ಅಭ್ಯಾಸವಿಲ್ಲದವನ ಸಿಟ್ಟು.

“ಬೆಳಿಗ್ಗೆ ಒಂದು, ಈಗ ಒಂದು. ಯಾವುದನ್ನ ನಂಬಲಿ? ನೀನು ದನದ ಮೂಳೆ ನೋಡೋಳು. ನಿಂಗೇನು ಗೊತ್ತಾಗತ್ತೆ ಮನುಷ್ಯರದ್ದು? ಆಗ ಹೇಳಿದ್ದೇ ಸರಿ ಇರಬಹುದಲ್ಲ?”

“ಇರಬಹುದು,” ಎಂದು ಬಾಯಿಗೆ ಬಂದುಬಿಟ್ಟಿತ್ತು. ಎಷ್ಟು ಆಸೆಯಾಯಿತು ಅವಳಿಗೆ ಹಾಗೆ ಅನ್ನಲು. ಅವನೂ ಅದನ್ನೇ ಕಾಯುತ್ತಿದ್ದ, ತುಟಿ ನೋಡುತ್ತ. ಅಂದುಬಿಟ್ಟರೆ ಇಬ್ಬರೂ ಊರು ಸೇರುತ್ತಾರೆ, ಅತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ, ಇವತ್ತು ಆ ಮನೆಯಲ್ಲಿ ಇಬ್ಬರು ನಿಜವಾಗಿ ನಿದ್ದೆ ಮಾಡುತ್ತಾರೆ.

“ಇಲ್ಲ ಅಣ್ಣ,” ಎಂದಳು.

ಅವನು ಲಕೋಟೆಯ ಮೂಲೆಯನ್ನು ಮಡಿಸಿದ, ಬಿಚ್ಚಿದ, ಉಗುರಿನಿಂದ ತೀಡಿ ಮತ್ತೆ ಮಡಿಸಿದ, ಬಟ್ಟೆಯ ಅಂಚನ್ನು ಹೊಲಿಗೆಗೆ ಮುಂಚೆ ತೀಡುವ ಹಾಗೆ. ಆಮೇಲೆ, “ಟಿಕೆಟ್ ತಗೊಂಡುಬಿಟ್ಟಿದೀವಲ್ಲೇ,” ಎಂದ. ಹೇಳಿದವನೇ ತನ್ನ ಮಾತು ತನಗೇ ಕೇಳಿಸಿ, ಎದುರು ಸೀಟಿನ ಕಂಬಿ ಹಿಡಿದು ಎದ್ದ.

ಬಸ್ಸು ಊರ ಹೊರಗೆ ಬಂದಿತ್ತು. ಇಲ್ಲಿ ನಿಲ್ಲಿಸುವ ಹಾಗಿಲ್ಲ ಎಂದ ಕಂಡಕ್ಟರು ಅವಳ ಮುಖ ನೋಡಿ ಶೀಟಿ ಊದಿದ. ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೆಳಗಿನ ಮೆಟ್ಟಿಲು ಎತ್ತರದಲ್ಲಿತ್ತು. ಅಣ್ಣ ಎಡಗಾಲು ಇಳಿಬಿಟ್ಟು ನೆಲ ಹುಡುಕಿದ, ಸಿಗಲಿಲ್ಲ, ಮತ್ತೆ ಮೇಲೆಳೆದುಕೊಂಡ. ಒಳಗಿಂದ ಯಾರೋ ಉಸ್ಸೆಂದರು. ಅವಳು ಮೊದಲು ಇಳಿದು ಭುಜ ಕೊಟ್ಟಳು. ಅವನು ಒರಗಿದಾಗ ಆ ಭಾರಕ್ಕೆ ಅವಳ ಕಾಲು ಮಡಚಿಕೊಂಡಿತು. ಇಷ್ಟು ತೆಳ್ಳಗಿನ ಮನುಷ್ಯ ಇಷ್ಟು ಭಾರ ಎಂದು ಗೊತ್ತಿರಲಿಲ್ಲ. ಬಲಗಾಲು ನೆಲ ಮುಟ್ಟಿದಾಗ ಅವಳ ಭುಜದ ಮೇಲಿನ ಅವನ ಬೆರಳುಗಳು ಬಟ್ಟೆಯನ್ನು ಹಿಂಡಿದವು.

ರಸ್ತೆಯ ಬದಿಗೆ ಮುಚ್ಚಿದ ಟೈರಿನ ಅಂಗಡಿ, ಅದರ ಮುಂದೆ ಒಂದು ಕಲ್ಲಿನ ಹಾಸು. ಅವನನ್ನು ಕೂರಿಸಿದಳು. ವಾಪಸು ಹೋಗುವ ಬಸ್ಸು ಯಾವಾಗ ಬರುತ್ತದೋ, ಬಂದರೂ ಇಲ್ಲಿ ನಿಲ್ಲಿಸುತ್ತದೋ ತಿಳಿಯದು. ಲಾರಿಗಳು ಧೂಳೆಬ್ಬಿಸಿ ಹೋದವು. ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುವ ಹೊತ್ತು ಇಷ್ಟರಲ್ಲಿ ಮುಗಿದಿರಬಹುದು. ಅವಳು ಎದ್ದು ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದು ನೋಡಿದಳು, ಬಂದು ಕೂತಳು, ಮತ್ತೆ ಎದ್ದಳು.

“ಕಾಲು ತೆಗೀತಾರಾ?” ಎಂದ ಅಣ್ಣ.

“ಗೊತ್ತಿಲ್ಲ.”

“ನಿಂಗೆ ಗೊತ್ತಿದ್ರೆ ಹೇಳಿಬಿಡು.”

“ನಿಜವಾಗ್ಲೂ ಗೊತ್ತಿಲ್ಲ ಅಣ್ಣ.”

ಅವನು ತಲೆಯಾಡಿಸಿದ. ಸಿಟ್ಟು ಎಲ್ಲೋ ಹೋಗಿತ್ತು. ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ಜೇಬಿನಿಂದ ಫೋನು ತೆಗೆದು ಒತ್ತಿ ಹಿಡಿದ. ಅದು ಹಾಡು ಹಾಡಿಕೊಂಡು ಬೆಳಗಿತು. ಒಂದು ಗುಂಡಿ ಒತ್ತಿದ. ಕಿವಿಗಿಟ್ಟುಕೊಂಡವನು, ಆ ಕಡೆ ರಿಂಗಾಗುವುದು ಕೇಳಿಸಿತೋ ಏನೋ, ಬಿಸಿ ತಾಗಿದವನ ಹಾಗೆ ಅದನ್ನು ಅವಳ ಕಡೆ ಚಾಚಿದ.

“ನೀನೇ ಹೇಳು. ನಂಗೆ ಬರಲ್ಲ.”

ಅವಳು ತೆಗೆದುಕೊಂಡಳು. ಆಗಲೇ ಅತ್ತಿಗೆಯ ದನಿ ಕೇಳುತ್ತಿತ್ತು: “ಎಲ್ಲಿದೀರಾ? ಕೂರೋಕೆ ಸೀಟು ಸಿಕ್ತಾ? ಇಳಿಯುವಾಗ ಮಾತ್ರ ಅವಸರ ಮಾಡ್ಬೇಡಿ…”

“ಅತ್ತಿಗೆ, ನಾನು,” ಎಂದಳು.

 ಆ ದನಿ ಇನ್ನಷ್ಟು ಅರಳಿತು. “ಓ, ಗುಬ್ಬಿ! ನೀನೂ ಜೊತೇಲೇ ಬರ್ತಿದೀಯಾ?”